ಗಂತಿನ ಕಡೆ ನಿಂತು



ಮಳೆ ಬಿಟ್ಟಿದೆ. ಮಳೆಗಾಲದ ಬೆಳೆಯಾದ ಏಣೆಲಿನ ಕೊಯ್ಲು ಮುಗಿದು ಗದ್ದೆಗಳು ಬರಿದಾಗಿವೆ. ದಕ್ಷಿಣ ಕನ್ನಡ, ಉಡುಪಿ, ಆಚೆ ಕಾಸರಗೋಡಿನ ಕೆಲವು ಊರುಗಳಲ್ಲಿ ಈಗ ನಾಲ್ಕು ಜನ ಸೇರಿದರೆ ಒಂದೇ ಮಾತು. ಈ ಸಲ ಯಾವ ಶನಿವಾರ ಎಲ್ಲಿಯ ಕಂಬಳ? ನವೆಂಬರಿನಲ್ಲಿ ಶುರುವಾದರೆ ಬೇಸಿಗೆಯ ಬಾಗಿಲವರೆಗೆ ವಾರ ವಾರವೂ ಒಂದೊಂದು ಊರು. ಮೂಡುಬಿದಿರೆಯ ಕೋಟಿ-ಚೆನ್ನಯ. ಮಿಯಾರಿನ ಲವ-ಕುಶ. ವೇಣೂರಿನ ಸೂರ್ಯ-ಚಂದ್ರ. ಉಪ್ಪಿನಂಗಡಿಯ ವಿಜಯ-ವಿಕ್ರಮ. ಇವೆಲ್ಲ ಮನುಷ್ಯರ ಹೆಸರಲ್ಲ, ಜೋಡುಕರೆಗಳ ಹೆಸರು.

ಕಂಬಳ ನೋಡದವರೂ ಈಗ ಕೇಳುತ್ತಿರಬಹುದು. ಅವರಿಗಾಗಿ ಕರೆ ಎಂದರೇನು ಎಂದು ಹೇಳಿಬಿಡುತ್ತೇನೆ. ಉದ್ದಕ್ಕೆ ತೋಡಿದ ಎರಡು ಕೆಸರಿನ ಓಣಿಗಳು. ಒಂದರ ಪಕ್ಕ ಒಂದು, ನಡುವೆ ಮಣ್ಣಿನ ದಿಣ್ಣೆ. ಉದ್ದ ಸುಮಾರು 140 ಮೀಟರ್. ಊರಿಂದ ಊರಿಗೆ ಸ್ವಲ್ಪ ಹೆಚ್ಚು ಕಡಿಮೆ. ಓಣಿಯಲ್ಲಿ ನೀರು. ನೀರಿನ ಅಡಿಯಲ್ಲಿ ಹದ ಮಾಡಿದ ಮಣ್ಣು, ಮರಳು. ಈ ಓಣಿಯೇ ಕರೆ. ಓಟ ಶುರುವಾಗುವ ತುದಿಗೆ ಗಂತು ಎನ್ನುತ್ತೇವೆ. ಮುಗಿಯುವ ತುದಿಗೆ ಮಂಜೊಟ್ಟಿ. ಮಂಜೊಟ್ಟಿಯಲ್ಲಿ ನೆಲ ಏರುತ್ತದೆ. ಓಡಿ ಬಂದ ಕೋಣಗಳು ಆ ಏರಿನಲ್ಲಿ ನಿಧಾನವಾಗುತ್ತವೆ. ಒಂದು ಕರೆಯಲ್ಲಿ ಒಂದು ಜೋಡಿ ಕೋಣ, ಇನ್ನೊಂದರಲ್ಲಿ ಇನ್ನೊಂದು ಜೋಡಿ. ಜೋಡಿಯ ಹಿಂದೆ ಒಬ್ಬ ಮನುಷ್ಯ. 12, 13 ಸೆಕೆಂಡು. ಓಟ ಮುಗಿಯಿತು.

ಜನ ಸೇರುವುದು ಮಂಜೊಟ್ಟಿಯ ಕಡೆ. ಟಿ.ವಿ. ಕ್ಯಾಮೆರಾ ಇರುವುದು ಅಲ್ಲಿ. ಗಣ್ಯರ ಕುರ್ಚಿ ಇರುವುದೂ ಅಲ್ಲಿಗೆ ಹತ್ತಿರ. ಇಂದು ನಾನು ನಿಮ್ಮನ್ನು ಆ ಕಡೆ ಕರೆದುಕೊಂಡು ಹೋಗುವುದಿಲ್ಲ. ಗಂತಿನ ಕಡೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದಲೂ ಹಿಂದೆ, ಕೋಣ ಹೊರಟು ಬಂದ ಹಟ್ಟಿಯವರೆಗೆ.

ಇದಕ್ಕೆ ಒಂದು ಕಾರಣವಿದೆ. ನಾನು ಚಿಕ್ಕವನಿದ್ದಾಗ ನಮ್ಮ ನೆರೆಮನೆಯಲ್ಲಿ ಕಂಬಳದ ಕೋಣ ಸಾಕುತ್ತಿದ್ದರು. ಅವುಗಳನ್ನು ನೋಡಿಕೊಳ್ಳಲು ಒಬ್ಬರಿದ್ದರು. ನಾವು ಮಕ್ಕಳೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಕಂಬಳಕ್ಕೆ ಹೋದರೆ ನಾನು ಓಡುವುದು ಮಂಜೊಟ್ಟಿಗೆ. ಯಾರು ಗೆದ್ದರು ಎಂದು ಮೊದಲು ನನಗೇ ಗೊತ್ತಾಗಬೇಕು. ಒಂದು ಸಲ ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು. ಅವರು ತುಳುವಿನಲ್ಲಿ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಅಲ್ಲಿ ಎಂತ ಉಂಟು ಮಗಾ? ಅಲ್ಲಿ ಮುಗಿಯುವುದು ಮಾತ್ರ. ಆಗುವುದೆಲ್ಲ ಇಲ್ಲಿ. ನನ್ನ ಹತ್ತಿರ ನಿಲ್ಲು."

ನಿಂತೆ. ಆವತ್ತಿನಿಂದ ಕಂಬಳವನ್ನು ನಾನು ಆ ತುದಿಯಿಂದಲೇ ನೋಡುತ್ತಾ ಬಂದಿದ್ದೇನೆ.

ಬಯಲಾಟ ನೋಡುವವರಲ್ಲಿ ಕೆಲವರಿಗೆ ರಂಗಸ್ಥಳಕ್ಕಿಂತ ಚೌಕಿಯ ಮೇಲೆ ಪ್ರೀತಿ. ವೇಷ ಕಟ್ಟುವುದು, ಬಣ್ಣ ಬರೆಯುವುದು, ದೀಪದ ಮುಂದೆ ಕೂತ ಕಲಾವಿದ ಸ್ವಲ್ಪ ಸ್ವಲ್ಪವೇ ರಕ್ಕಸನಾಗುವುದು, ಇದನ್ನೆಲ್ಲ ಅವರು ಕೂತು ನೋಡುತ್ತಾರೆ. ಕಂಬಳಕ್ಕೂ ಒಂದು ಚೌಕಿ ಇದೆ. ಅದು ಹಟ್ಟಿ.

ಹಟ್ಟಿಯಿಂದಲೇ ಶುರುಮಾಡೋಣ.

ಬೆಳಗಿನ ಜಾವ. ಮನೆಯ ದೀಪ ಇನ್ನೂ ಹೊತ್ತಿಲ್ಲ. ಹಟ್ಟಿಯ ದೀಪ ಹೊತ್ತಿದೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯುತ್ತಿದೆ. ತುಳುವಿನಲ್ಲಿ ಅದು ಕುಡು. ಹಿಂದಿನ ರಾತ್ರಿ ನೆನೆಹಾಕಿದ್ದು. ಬೆಂದ ಹುರುಳಿಯ ವಾಸನೆ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಣ್ಣಿನ ವಾಸನೆಗೆ ಹತ್ತಿರದ್ದು, ಹಸಿವು ಎಬ್ಬಿಸುವಂಥದ್ದು. ಅದನ್ನು ಆರಿಸಿ, ಕೈಯಲ್ಲಿ ಹಿಸುಕಿ ನೋಡಿ, ಆಮೇಲೆ ಕೋಣಕ್ಕೆ ಇಡಬೇಕು. ಜೊತೆಗೆ ಬೈಹುಲ್ಲು, ಹಸಿಹುಲ್ಲು. ಬೇಸಿಗೆಯಲ್ಲಿ ಹೊಟ್ಟೆ ತಂಪಾಗಲಿ ಎಂದು ಬೂದುಗುಂಬಳ ಹಾಕುವವರೂ ಇದ್ದಾರೆ.

ಊಟದ ಅಳತೆ ಪುಸ್ತಕದಲ್ಲಿ ಇರುವುದಿಲ್ಲ. ನೋಡಿಕೊಳ್ಳುವವನ ಕಣ್ಣಿನಲ್ಲಿ ಇರುತ್ತದೆ. ನಿನ್ನೆ ಉಳಿಸಿದ್ದೆಷ್ಟು? ಇಂದು ಮೂಸಿ ನೋಡಿ ಮುಖ ತಿರುಗಿಸಿತೋ, ಆಸೆಯಿಂದ ಬಾಯಿ ಹಾಕಿತೋ? ಸಗಣಿ ಗಟ್ಟಿಯೋ, ತೆಳುವೋ? ಇವು ಮಾವನ ದಿನದ ವರ್ತಮಾನಗಳು. ಪತ್ರಿಕೆ ಓದುವ ಮೊದಲು ಅವರು ಇವನ್ನು ಓದುತ್ತಿದ್ದರು.

ಆಮೇಲೆ ಸ್ನಾನ. ಕೋಣಕ್ಕೆ ನೀರು ಬೇಕೇ ಬೇಕು, ಏಕೆಂದರೆ ಅದಕ್ಕೆ ಬೆವರಿನ ಗ್ರಂಥಿಗಳು ದನಕ್ಕಿಂತ ಕಡಿಮೆ. ಚರ್ಮವೋ ಕಪ್ಪು. ಬಿಸಿಲಿನ ಕಾವನ್ನು ಬೇಗ ಹೀರುತ್ತದೆ, ಬೆವರಿ ಕಳೆದುಕೊಳ್ಳಲಾರದು. ಹಾಗಾಗಿ ಕೆರೆಯಲ್ಲಿ ಈಜಿಸುತ್ತಾರೆ, ಬಾವಿಯ ನೀರು ಹೊಯ್ಯುತ್ತಾರೆ. ಇತ್ತೀಚೆಗೆ ಕೆಲವು ಮನೆಗಳಲ್ಲಿ ಕೋಣಗಳಿಗೆಂದೇ ಈಜುಕೊಳ ಕಟ್ಟಿಸಿದ್ದಾರೆ. ಹಟ್ಟಿಗೆ ಫ್ಯಾನು ಹಾಕಿದ್ದಾರೆ. ಇದನ್ನು ಕೇಳಿ ದುಂದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೆಕೆಯಲ್ಲಿ ನಿಂತ ಕೋಣ ತಿನ್ನುವುದನ್ನು ಬಿಡುತ್ತದೆ. ಸಂಜೆಯ ಹೊತ್ತಿಗೆ ಸೊಳ್ಳೆ ಕಚ್ಚಿ ನಿದ್ದೆಗೆಟ್ಟರೆ ಮರುದಿನ ಅದರ ಹೆಜ್ಜೆಯಲ್ಲಿ ಅದು ಕಾಣುತ್ತದೆ.

ಸ್ನಾನದ ಜೊತೆಗೆ ಎಣ್ಣೆ. ಕುತ್ತಿಗೆಯಿಂದ ಶುರುವಾಗಿ ಭುಜ, ಬೆನ್ನು, ತೊಡೆ, ಕಾಲು. ಮಾವ ಎಣ್ಣೆ ತಿಕ್ಕುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಅಂಗೈ ಸರಸರನೆ ಜಾರುತ್ತಾ ಹೋಗುತ್ತದೆ. ಒಂದು ಕಡೆ ನಿಲ್ಲುತ್ತದೆ. ಹಿಂದಕ್ಕೆ ಬರುತ್ತದೆ. ಅಲ್ಲಿ ಏನೋ ಬಿಸಿ ತಾಗಿದೆ, ಅಥವಾ ಸಣ್ಣ ಬಾವು ಸಿಕ್ಕಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕೈಗೆ ಗೊತ್ತಾಗುತ್ತದೆ. ಎಣ್ಣೆ ತಿಕ್ಕುವುದು ಮೈ ಹೊಳೆಯಲಿ ಎಂದು ಎಂದುಕೊಂಡಿದ್ದೆ ನಾನು. ಅದು ದಿನದಿನದ ವೈದ್ಯ ತಪಾಸಣೆ ಎಂದು ಗೊತ್ತಾಗಲು ವರ್ಷಗಳು ಬೇಕಾದವು.

ಹಟ್ಟಿಯ ಕೆಲಸದಲ್ಲಿ ಇನ್ನೂ ಒಂದುಂಟು. ಕೇಳಿಸಿಕೊಳ್ಳುವುದು. ರಾತ್ರಿ ಕೋಣ ಮಲಗಿದ ಮೇಲೆ ಮೆಲುಕು ಹಾಕುತ್ತದೆ. ತಿಂದದ್ದನ್ನು ಮತ್ತೆ ಬಾಯಿಗೆ ತಂದು ನಿಧಾನವಾಗಿ ಅರೆಯುತ್ತದೆ. ಆ ಸದ್ದು ನಿಮಗೆ ಗೊತ್ತೇ? ಒದ್ದೆ ಮರಳಿನ ಮೇಲೆ ಯಾರೋ ಮೆತ್ತಗೆ ಕಾಲೆಳೆದ ಹಾಗೆ, ಒಂದೇ ಲಯ. ಹೆದರಿದ ಪ್ರಾಣಿ, ನೋವು ತಿನ್ನುವ ಪ್ರಾಣಿ, ಜ್ವರ ಬಂದ ಪ್ರಾಣಿ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಮಾವ ಹಟ್ಟಿಯ ಪಕ್ಕದ ಜಗಲಿಯಲ್ಲಿ ಮಲಗುತ್ತಿದ್ದರು. ಆ ಸದ್ದು ಕೇಳಿಸಿದ ಮೇಲೆಯೇ ಅವರಿಗೆ ನಿದ್ದೆ.

ಸರಿ. ಇಷ್ಟು ಹೊತ್ತು ನಾವು ಹಟ್ಟಿಯಲ್ಲಿದ್ದೆವು. ಹುರುಳಿ, ನೀರು, ಎಣ್ಣೆ, ಮೆಲುಕು. ಇದು ಕಂಬಳದ ತಿಂಗಳಿನ ಕೆಲಸವಲ್ಲ, ವರ್ಷಪೂರ್ತಿ ಇರುವ ಕೆಲಸ. ಮಳೆಗಾಲದಲ್ಲೂ ಬಿಡುವಿಲ್ಲ. ಈಗ ಹಟ್ಟಿಯಿಂದ ಕೋಣಗಳನ್ನು ಹೊರಗೆ ತರೋಣ. ಒಂದನ್ನಲ್ಲ, ಎರಡನ್ನು. ಏಕೆಂದರೆ ಓಡುವುದು ಜೋಡಿ.

ಜೋಡಿ ಕೂಡಿಸುವುದು ಸುಲಭವಲ್ಲ. ಯಜಮಾನರು, ಅಂದರೆ ಕೋಣದ ಮಾಲೀಕರು, ಎಳೆಯದನ್ನು ತರುವಾಗಲೇ ಮೈಕಟ್ಟು ನೋಡುತ್ತಾರೆ, ಕಾಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಹಲವು ಕೋಣಗಳು ಘಟ್ಟದ ಮೇಲಿನ ಸಂತೆಗಳಿಂದ ಇಳಿದು ಬಂದವು. ತಂದ ಮೇಲೆ ಅದಕ್ಕೆ ಸರಿಯಾದ ಜೊತೆ ಬೇಕು. ಒಂದು ಬಲಕ್ಕೆ ಓಡುವುದು, ಒಂದು ಎಡಕ್ಕೆ. ರೂಢಿಯಾದ ಪಕ್ಕ ಬದಲಾದರೆ ಕೋಣ ಗೊಂದಲಗೊಳ್ಳುತ್ತದೆ. ಒಂದರ ವೇಗ ಇನ್ನೊಂದಕ್ಕೆ ಸರಿಯಾಗಬೇಕು. ಒಂದು ತುಸು ಮುಂದೆ ಹೋದರೂ ನೊಗ ಓರೆಯಾಗುತ್ತದೆ. ನೊಗ ಓರೆಯಾದರೆ ಎರಡರ ಕುತ್ತಿಗೆಗೂ ಪೆಟ್ಟು. ಎರಡು ಬಲಶಾಲಿ ಕೋಣಗಳು ಸೇರಿದರೆ ಬಲಶಾಲಿ ಜೋಡಿ ಆಗುವುದಿಲ್ಲ. ಹೊಂದಿಕೆಯಾದ ಎರಡು ಸೇರಿದರೆ ಆಗುತ್ತದೆ.

ಇಲ್ಲಿ ತಂಡಕ್ಕೆ ಇನ್ನೊಬ್ಬರು ಸೇರುತ್ತಾರೆ. ಮರದ ಕೆಲಸದ ಆಚಾರಿ. ಕಂಬಳದಲ್ಲಿ ನಾಲ್ಕು ಬಗೆಯ ಓಟಗಳಿವೆ, ಅವಕ್ಕೆ ಬೇಕಾದ ಮರದ ಸಲಕರಣೆ ಮಾಡುವವರು ಇವರೇ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡಬೇಕು. ನೇಗಿಲಿನ ವಿಭಾಗದಲ್ಲಿ ಹಗುರವಾದ ಮರದ ನೇಗಿಲು ಹಿಡಿದು ಓಡಬೇಕು. ಈ ಎರಡರಲ್ಲಿ ಹಿರಿಯ, ಕಿರಿಯ ಎಂದು ಮತ್ತೆ ಭಾಗ. ಕೋಣದ ಹಲ್ಲು ನೋಡಿ ಅದನ್ನು ತೀರ್ಮಾನಿಸುತ್ತಾರೆ. ಅಡ್ಡಹಲಗೆಯಲ್ಲಿ ಮನುಷ್ಯ ಓಡುವುದಿಲ್ಲ, ಅಡ್ಡ ಹಲಗೆಯ ಮೇಲೆ ನಿಂತು ಹೋಗುತ್ತಾನೆ. ಇನ್ನು ಕನೆಹಲಗೆ. ಅಲ್ಲಿ ವೇಗದ ಲೆಕ್ಕವೇ ಇಲ್ಲ. ಗುಂಡಗಿನ ದಪ್ಪ ಹಲಗೆಗೆ ಎರಡು ತೂತು. ಅದರ ಮೇಲೆ ಒಂದು ಕಾಲೂರಿ ನಿಂತು ಹೋಗುವಾಗ ನೀರು ತೂತುಗಳಿಂದ ನುಗ್ಗಿ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ಬಟ್ಟೆ ಇರುತ್ತದೆ. ಅದು ನಿಶಾನೆ. ಆರೂವರೆ ಕೋಲು ಎತ್ತರದ್ದು ಒಂದು, ಏಳೂವರೆ ಕೋಲಿನದು ಇನ್ನೊಂದು. ನೀರು ಅದನ್ನು ಮುಟ್ಟಬೇಕು. ಈ ಎರಡು ಹಲಗೆ ವಿಭಾಗಗಳಲ್ಲಿ ಓಡಿಸಿದವರು ಎನ್ನುವುದಿಲ್ಲ, ಹಲಗೆ ಮುಟ್ಟಿದವರು ಎನ್ನುತ್ತಾರೆ. ಎಷ್ಟು ಚೆಂದದ ಮಾತು ಅದು!

ಆ ಹಲಗೆಯ ತೂತಿನ ಓರೆ ಒಂದು ನೂಲಿನಷ್ಟು ತಪ್ಪಿದರೂ ನೀರು ನೇರ ಏಳುವುದಿಲ್ಲ. ನೊಗದ ಬಾಗು ಕುತ್ತಿಗೆಗೆ ಒಪ್ಪದಿದ್ದರೆ ಕೋಣ ತಲೆ ಕೊಡುವುದಿಲ್ಲ. ಆಚಾರಿ ಕಂಬಳದ ದಿನ ಗಂತಿನಲ್ಲಿ ಇರಲಿಕ್ಕಿಲ್ಲ. ಅವರ ಕೈ ಅಲ್ಲಿ ಇರುತ್ತದೆ.

ಕರೆಗೆ ಇಳಿಸುವ ಮೊದಲು ತಾಲೀಮು. ಋತು ಶುರುವಾಗುವ ಮುಂಚೆ ಕೋಣಗಳನ್ನು ಕರೆಯಲ್ಲಿ ಓಡಿಸಿ ನೋಡುತ್ತಾರೆ. ಅದಕ್ಕೆ ಕುದಿ ಕಂಬಳ ಎಂದು ಹೆಸರು. ಅಲ್ಲಿ ಜನ ಕಡಿಮೆ, ಬಹುಮಾನವಿಲ್ಲ. ನನ್ನನ್ನು ಕೇಳಿದರೆ ಕಂಬಳ ಕಲಿಯಬೇಕೆನ್ನುವವರು ಮೊದಲು ಕುದಿಗೆ ಹೋಗಬೇಕು. ಅಲ್ಲಿ ಯಜಮಾನರ ಮಾತು, ಓಡಿಸುವವನ ಸಂಶಯ, ಹೊಸ ಕೋಣದ ಅಂಜಿಕೆ ಎಲ್ಲವೂ ಕಿವಿಗೆ ಬೀಳುತ್ತವೆ.

ಹಟ್ಟಿ ಆಯಿತು, ಜೋಡಿ ಆಯಿತು, ನೊಗ ನೇಗಿಲು ಆಯಿತು. ಈಗ ಓಡುವ ಮನುಷ್ಯ.

ಇವರ ಹೆಸರು ನೀವು ಕೇಳಿದ್ದೀರಿ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142 ಮೀಟರಿಗೂ ತುಸು ಹೆಚ್ಚಿನ ಕರೆಯನ್ನು 13.6 ಸೆಕೆಂಡಿನಲ್ಲಿ ದಾಟಿದರು. 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು ಯಾರೋ. ಒಂಬತ್ತೂವರೆ ಸೆಕೆಂಡು ಚಿಲ್ಲರೆ ಬಂತು. ಉಸೇನ್ ಬೋಲ್ಟ್‌ನ ದಾಖಲೆಗಿಂತ ಕಡಿಮೆ ಎಂದು ದೇಶವೆಲ್ಲ ಮಾತಾಯಿತು. ಕೇಂದ್ರದ ಕ್ರೀಡಾ ಸಚಿವರೇ ಅವರನ್ನು ಓಟದ ಪರೀಕ್ಷೆಗೆ ಕರೆದರು. ಗೌಡರು ಕಟ್ಟಡದ ಕೆಲಸ ಮಾಡುತ್ತಿದ್ದವರು. ತನ್ನ ಓಟ ಕೆಸರಿನದು, ಕೋಣಗಳ ಜೊತೆಗಿನದು, ಟ್ರ್ಯಾಕಿನ ಓಟ ಬೇರೆ ಎಂದು ಹೇಳಿ ಆ ಪರೀಕ್ಷೆಗೆ ಹೋಗಲಿಲ್ಲ.

ಆ ಉತ್ತರದ ಮೇಲೆ ನನಗೆ ತುಂಬ ಗೌರವ. ಏಕೆಂದರೆ ಅದು ಸರಿಯಾದ ಉತ್ತರ. ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗ ಅದು. ಆ ವೇಗ ಮನುಷ್ಯನ ಕಾಲಿನದು ಮಾತ್ರವಲ್ಲ. ಎಂಟು ಗೊರಸುಗಳು ಎಳೆಯುತ್ತವೆ, ಎರಡು ಪಾದಗಳು ಅವನ್ನು ಹಿಂಬಾಲಿಸುತ್ತವೆ. ಹಾಗೆಂದು ಅದು ಸಣ್ಣ ಸಾಧನೆಯೂ ಅಲ್ಲ. ಬರಿಗಾಲು. ಮುಂದೆ ಏನೂ ಕಾಣದ ಹಾಗೆ ಮುಖಕ್ಕೆ ರಾಚುವ ಕೆಸರುನೀರು. ಕೈಯಲ್ಲಿ ಹಗ್ಗ. ಹೆಜ್ಜೆ ತಪ್ಪಿದರೆ ಕೋಣ ನಿಲ್ಲುವುದಿಲ್ಲ, ನೀವು ಬೀಳುತ್ತೀರಿ. ಬಿದ್ದರೂ ಕೆಲವರು ಹಗ್ಗ ಬಿಡದೆ ಮಂಜೊಟ್ಟಿಯವರೆಗೆ ಹೋದದ್ದುಂಟು.

ಒಬ್ಬ ಒಳ್ಳೆಯ ಓಟಗಾರ ಒಂದೇ ದಿನ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಎಲ್ಲ ಕೋಣಗಳ ಓಟವೂ ಒಂದೇ ಅಲ್ಲ. ಕೆಲವು ಗಂತಿನಿಂದಲೇ ಸಿಡಿಯುತ್ತವೆ. ಕೆಲವು ನಡುಕರೆಯಲ್ಲಿ ಜೋರು ಹಿಡಿಯುತ್ತವೆ. ಅದನ್ನು ಓಟಗಾರ ತಿಳಿದಿರಬೇಕು. ಅದಕ್ಕಾಗಿ ವಾರದ ನಡುವೆ ಬಂದು ಹಟ್ಟಿಯಲ್ಲಿ ಕೂತುಕೊಳ್ಳುವ ಓಟಗಾರರಿದ್ದಾರೆ. ಮಿಯಾರಿನಲ್ಲಿ ಗುಣಪಾಲ ಕಡಂಬರು ಕಂಬಳ ಅಕಾಡೆಮಿಯನ್ನು ಕಟ್ಟಿ ಹುಡುಗರಿಗೆ ತರಬೇತಿ ಕೊಡಿಸಿದರು. ಹಿಂದೆ ಮನೆಯಿಂದ ಮನೆಗೆ, ನೋಡಿ ನೋಡಿ ಬಂದ ವಿದ್ಯೆ ಅಲ್ಲಿ ಪಾಠವಾಯಿತು. ಒಳ್ಳೆಯದೇ. ಗದ್ದೆ ಉಳುವ ಕೋಣ ಮನೆಯಲ್ಲಿ ಇಲ್ಲದ ಕಾಲದಲ್ಲಿ ಹುಡುಗರು ನೋಡಿ ಕಲಿಯುವುದಾದರೂ ಎಲ್ಲಿಂದ?

ಕೇಳುಗರೇ, ಇಲ್ಲಿಯವರೆಗೆ ಬಂದವರನ್ನು ಒಮ್ಮೆ ನೆನಪಿಸಿಕೊಳ್ಳಿ. ಯಜಮಾನರು, ನೋಡಿಕೊಳ್ಳುವವರು, ಆಚಾರಿ, ಓಟಗಾರ. ಇನ್ನು ಹೊರಡುವ ದಿನಕ್ಕೆ ಬರೋಣ.

ಹೊರಡುವುದು ಎಂದರೆ ಲಾರಿ. ಲಾರಿಯ ನೆಲಕ್ಕೆ ಬೈಹುಲ್ಲು ದಪ್ಪಕ್ಕೆ ಹಾಸಬೇಕು. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವುದಾದರೆ ದೊಡ್ಡ ಮಾತಲ್ಲ. ಆದರೆ 2023ರ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತಲ್ಲ, ಆಗ ಕರಾವಳಿಯ ಕೋಣಗಳು ಘಟ್ಟ ಹತ್ತಿದವು. 300 ಕಿಲೋಮೀಟರಿಗೂ ಮೀರಿದ ದಾರಿ. ನೂರೈವತ್ತರಷ್ಟು ಜೋಡಿ. ನಡುವೆ ಹಾಸನದಲ್ಲಿ ಇಳಿಸಿ ವಿಶ್ರಾಂತಿ ಕೊಟ್ಟರು. ರಾಜಧಾನಿಯ ಜನ ಲಕ್ಷಗಟ್ಟಲೆ ಬಂದು ಓಟ ನೋಡಿದರು. ನನಗೆ ನೆನಪಿನಲ್ಲಿ ಉಳಿದದ್ದು ಬೇರೆ. ಕೋಣಗಳ ಜೊತೆ ಊರಿನ ಬೈಹುಲ್ಲು ಹೊರಟಿತು. ಊರಿನ ನೀರೂ ಹೊರಟಿತು.

ನೀರು ಯಾಕೆ? ಬೆಂಗಳೂರಿನಲ್ಲಿ ನೀರಿಲ್ಲವೇ? ಇದೆ. ಆದರೆ ಕೋಣಕ್ಕೆ ಅದರ ರುಚಿ ಗೊತ್ತಿಲ್ಲ. ವಾಸನೆ ಬೇರೆಯಾದ ನೀರನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ನೀರು ಕುಡಿಯದಿದ್ದರೆ ಹುಲ್ಲು ತಿನ್ನುವುದಿಲ್ಲ. ಹುಲ್ಲು ತಿನ್ನದಿದ್ದರೆ ಮೆಲುಕಿಲ್ಲ. ಮೆಲುಕಿಲ್ಲದ ಕೋಣ ಓಡಬಾರದು. ನೋಡಿ, ಎಲ್ಲಿಂದ ಎಲ್ಲಿಗೆ ಬಂತು ಮಾತು. ದೊಡ್ಡ ಓಟಕ್ಕೆ ತಂಡ ಸಿದ್ಧವಾಗುವುದು ಎಂದರೆ ಹೀಗೆ. ಮನೆಯ ಬಾವಿಯನ್ನು ಲಾರಿಯಲ್ಲಿ ಹೊತ್ತುಕೊಂಡು ಹೋಗುವುದು.

ಕೇಳುಗರೇ, ಹೊರಡುವ ದಿನ ಬಾರದೇ ಹೋದ ವರ್ಷಗಳೂ ಇದ್ದವು. ಅದನ್ನೂ ಹೇಳಬೇಕು.

2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಜಲ್ಲಿಕಟ್ಟನ್ನು ನಿಷೇಧಿಸಿದ ತೀರ್ಪು ಅದು. ಅದರ ನೆರಳು ಕಂಬಳದ ಮೇಲೂ ಬಿತ್ತು. ಕರೆಗಳು ಕೆಲಕಾಲ ಖಾಲಿ ಉಳಿದವು. 2017ರಲ್ಲಿ ನಮ್ಮ ರಾಜ್ಯ ಕಂಬಳಕ್ಕೆ ಅವಕಾಶವಾಗುವಂತೆ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೈಕುಗಳ ಮುಂದೆ ಈ ಬಗ್ಗೆ ಬೇಕಾದಷ್ಟು ಮಾತಾಗಿದೆ. ನಾನು ಹಟ್ಟಿಯ ಮಾತು ಮಾತ್ರ ಹೇಳುತ್ತೇನೆ. ಕಂಬಳ ಇಲ್ಲದ ಆ ದಿನಗಳಲ್ಲೂ ಬೆಳಗಿನ ಜಾವ ಹುರುಳಿ ಬೇಯುತ್ತಿತ್ತು. ಓಡುವುದಿಲ್ಲ ಎಂದು ಕೋಣಕ್ಕೆ ಹೇಳಿ ಅರ್ಥ ಮಾಡಿಸಲು ಆಗುತ್ತದೆಯೇ? ಯಜಮಾನರಲ್ಲಿ ಕೆಲವರು ಮಾರಿದರು. ಹೆಚ್ಚಿನವರು ಸಾಕಿದರು. ಗೆದ್ದರೆ ಸಿಗುವ ಒಂದೆರಡು ಪವನ್ ಚಿನ್ನಕ್ಕೆ ಸಾಕುವವರಾಗಿದ್ದರೆ ಆವತ್ತೇ ಹಟ್ಟಿ ಖಾಲಿಯಾಗುತ್ತಿತ್ತು.

ಬೆತ್ತದ ಮಾತನ್ನೂ ಬಿಡುವ ಹಾಗಿಲ್ಲ. ಹಿಂದೆ ಬೆತ್ತ ಬೀಸುವುದೇ ಓಡಿಸುವುದು ಎನ್ನುವ ಹಾಗೆ ನಡೆದುಕೊಂಡವರಿದ್ದರು. ಕೋಣದ ಬೆನ್ನಿನ ಮೇಲೆ ಬರೆ ಎದ್ದದ್ದನ್ನು ನಾನೇ ನೋಡಿದ್ದೇನೆ. ಆ ರಾತ್ರಿ ಮಾವ ಊಟ ಮಾಡಲಿಲ್ಲ. ಈಗ ಹೊಡೆತಕ್ಕೆ ಕಡಿವಾಣ ಬಿದ್ದಿದೆ. ನಾನು ಅದರ ಪರವಾಗಿ ನಿಲ್ಲುತ್ತೇನೆ. ವರ್ಷವಿಡೀ ಎಣ್ಣೆ ತಿಕ್ಕಿದ ಮೈಯನ್ನು ಹದಿಮೂರು ಸೆಕೆಂಡಿಗಾಗಿ ಬಾಸುಂಡೆ ಮಾಡುವ ಹಕ್ಕು ಯಾರಿಗೂ ಇಲ್ಲ. ಬೆತ್ತವಿಲ್ಲದೆ ಓಡದ ಕೋಣ ಹಟ್ಟಿಯಲ್ಲೇ ಇರಲಿ.

ಕಂಬಳದ ಮರೆಯಲ್ಲಿ ಇನ್ನೊಂದು ನೋವಿದೆ. ಪ್ರಾಣಿಗಳದಲ್ಲ, ಮನುಷ್ಯರದು. ತೆರೆಮರೆಯ ಕಥೆ ಹೇಳುತ್ತೇನೆಂದು ಹೊರಟವನು ಇದನ್ನು ಬಿಟ್ಟರೆ ನನ್ನ ಮಾತಿಗೆ ಬೆಲೆಯಿಲ್ಲ. ಹಿಂದೆ ಸಾಂಪ್ರದಾಯಿಕ ಕಂಬಳಗಳ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಗದ್ದೆಯ ಬದಿಯಲ್ಲಿ ಕೂರಿಸುತ್ತಿದ್ದರು. ರಾತ್ರಿಯಿಡೀ, ಇಬ್ಬನಿಯಲ್ಲಿ, ಡೋಲು ಬಡಿಯುತ್ತಾ. ಅದಕ್ಕೆ ಪನಿ ಕುಲ್ಲುನು ಎನ್ನುತ್ತಿದ್ದರು. ಪನಿ ಎಂದರೆ ಇಬ್ಬನಿ, ಕುಲ್ಲುನು ಎಂದರೆ ಕೂರುವುದು. ಕೋಣಗಳಿಗಿಂತ ಮೊದಲು ಅವರನ್ನೇ ಕರೆಯಲ್ಲಿ ಓಡಿಸಿದ್ದೂ ಉಂಟು. ಮುಳ್ಳೋ ಗಾಜೋ ಇದ್ದರೆ ಮೊದಲು ಅವರ ಕಾಲಿಗೆ ತಾಗಲಿ ಎಂದು. ಕೋಣದ ಕಾಲಿಗೆ ಇದ್ದ ಬೆಲೆ ಅವರ ಕಾಲಿಗೆ ಇರಲಿಲ್ಲ. ಕೊರಗರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು. ಡೋಲಿನ ಸದ್ದು ಕೇಳಿ ಕುಣಿದ ನಮ್ಮ ಹಿರಿಯರಿಗೆ ಅದನ್ನು ಬಡಿಯುವ ಕೈ ಚಳಿಯಲ್ಲಿ ನಡುಗುತ್ತಿದೆ ಎಂದು ಅನ್ನಿಸಲಿಲ್ಲವೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹಟ್ಟಿಯಿಂದ ಹೊರಟೆವು. ಜೋಡಿ ಕಟ್ಟಿದೆವು. ಓಟಗಾರನನ್ನು ಕಂಡೆವು. ಲಾರಿಯಲ್ಲಿ ಬಂದೆವು. ಕಾನೂನಿನ ದಾರಿಯನ್ನೂ, ಇಬ್ಬನಿಯ ರಾತ್ರಿಯನ್ನೂ ದಾಟಿ ಬಂದೆವು. ಈಗ ಗಂತು. ನಾನು ನಿಮ್ಮನ್ನು ಕರೆತರಬೇಕೆಂದಿದ್ದ ಜಾಗ ಇದೇ.

ರಾತ್ರಿ ಹನ್ನೊಂದು ಗಂಟೆ ಎಂದುಕೊಳ್ಳಿ. ಕರೆಯ ಮೇಲೆ ಹಗಲಿನಂಥ ಬೆಳಕು. ದೂರದ ಮಂಜೊಟ್ಟಿಯಿಂದ ಜನರ ಗದ್ದಲ ಇಲ್ಲಿಗೆ ಸಮುದ್ರದ ಮೊರೆತದ ಹಾಗೆ ಕೇಳುತ್ತದೆ. ವಾದ್ಯದವರ ಜೊತೆ ಕೋಣಗಳು ಇಳಿದು ಬರುತ್ತಿವೆ. ಹಣೆಗೆ ಪಟ್ಟಿ ಕಟ್ಟಿದೆ. ಮೈ ಎಣ್ಣೆಗಪ್ಪು. ತಲೆಗೆ ಮುಂಡಾಸು ಸುತ್ತಿದ ಏಳೆಂಟು ಜನ ಸುತ್ತಲೂ ಇದ್ದಾರೆ. ನೊಗ ಇಟ್ಟರು. ಹಗ್ಗ ಬಿಗಿದರು. ಮಾವ ನೊಗದಡಿಗೆ ಬೆರಳು ತೂರಿಸಿ ನೋಡಿದರು. ಒಂದು ಬೆರಳು ಹೋದರೆ ಸರಿ. ಎರಡು ಹೋದರೆ ಸಡಿಲ.

ಈಗ ಮುಂದೆ ಬರುತ್ತಾರೆ ಕೋಣ ಬಿಡುವವರು. ಕಂಬಳದಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ನಾನು ಇವರ ಕಡೆ ಕೈ ತೋರಿಸುತ್ತೇನೆ. ಓಟದ ದಿಕ್ಕಿಗೆ ಬೆನ್ನು ಹಾಕಿ ಇವರು ಕೋಣಗಳ ಎದುರು ನಿಲ್ಲುತ್ತಾರೆ. ಎರಡು ಕೋಣಗಳ ಮೂಗಿನ ಹಗ್ಗ ಕೈಯಲ್ಲಿ. ಅವುಗಳ ಬಿಸಿ ಉಸಿರು ಎದೆಗೆ. ಕೋಣಗಳಿಗೆ ಗೊತ್ತು ಎಲ್ಲಿಗೆ ಬಂದಿದ್ದೇವೆ ಎಂದು. ಅವು ಕುಣಿಯುತ್ತವೆ, ತಿರುಗುತ್ತವೆ, ಹಿಂದೆ ಸರಿಯುತ್ತವೆ. ಪಕ್ಕದ ಕರೆಯಲ್ಲೂ ಇದೇ ಗಲಾಟೆ. ಎರಡೂ ಜೋಡಿ ಒಂದೇ ಗಳಿಗೆಗೆ ಸರಿಯಾಗಿ ನಿಲ್ಲಬೇಕು. ಇವು ನಿಂತಾಗ ಅವು ತಿರುಗುತ್ತವೆ. ಅವು ನಿಂತಾಗ ಇವು. ಹೀಗೆ ನಿಮಿಷಗಳು ಉರುಳುತ್ತವೆ. ನೋಡುವವರಿಗೆ ಬೇಸರ. ಬಿಡುವುದಕ್ಕೆ ಇಷ್ಟೇ ಸಮಯ ಎಂಬ ಶಿಸ್ತು ಬೇಕು ಎನ್ನುವ ಮಾತು ಬಹಳ ಕಾಲದಿಂದ ಇದೆ. ಶಿಸ್ತು ಬೇಕು, ಒಪ್ಪುತ್ತೇನೆ. ಆದರೆ ಆ ನಿಮಿಷಗಳಲ್ಲಿ ಏನಾಗುತ್ತಿದೆ ಎಂದೂ ನೋಡಿ.

ಬಿಡುವವರು ಮಾತಾಡುತ್ತಿರುತ್ತಾರೆ. ಕೂಗುವುದಿಲ್ಲ. ಎದುರಿನ ಆ ಎರಡು ಕಿವಿಗಳಿಗೆ ಮಾತ್ರ ಕೇಳುವಂತೆ, ತೀರ ಮೆಲ್ಲಗೆ. ಹೆಸರು ಹಿಡಿದು ಕರೆಯುತ್ತಾರೆ. ನಾಲಿಗೆಯಿಂದ ಲೊಚಗುಟ್ಟುತ್ತಾರೆ. ಕೆಸರಿನಲ್ಲಿ ಕೋಣದ ಮುಂಗಾಲು ಎಲ್ಲಿ ಊರಿದೆ ಎಂದು ನೋಡುತ್ತಾರೆ. ಹಿಂದೆ ಓಟಗಾರ ಬಾಗಿ ನಿಂತಿದ್ದಾನೆ, ಉಸಿರು ಬಿಗಿಹಿಡಿದು. ಅವನಿಗೆ ಮುಂದಿನವರ ಮುಖ ಕಾಣುವುದಿಲ್ಲ. ಅವರ ಭುಜ ಮಾತ್ರ ಕಾಣುತ್ತದೆ. ಆ ಭುಜ ಇಳಿದರೆ ಬಿಟ್ಟರು ಎಂದು ಅರ್ಥ. ಬಿಟ್ಟ ಕ್ಷಣ ಬಿಡುವವರು ಬದಿಗೆ ಹಾರಬೇಕು. ಅರ್ಧ ಸೆಕೆಂಡು ತಡವಾದರೆ ಕೋಣಗಳ ಕಾಲಡಿಗೆ.

ಅವರು ಹಾರುವ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಮೊದಲು ನೀರಿಗೆ ಮನುಷ್ಯ ಬಿದ್ದ ಸಣ್ಣ ಸದ್ದು. ಅದರ ಬೆನ್ನಿಗೆ ನೆಲವೇ ನಡುಗುವ ದೊಡ್ಡ ಸದ್ದು. ಆಮೇಲೆ ನೀರು ಹರಿದು ಬಂದು ಕರೆಯ ಬದಿಗೆ ಬಡಿಯುವುದು. ಆಮೇಲೆ ಮೌನ. ದೂರದಲ್ಲಿ, ಬಹಳ ದೂರದಲ್ಲಿ, ಜನರ ಕೂಗು.

ಈಗ ಮಂಜೊಟ್ಟಿಯಲ್ಲಿ ಲೇಸರ್ ಕಿರಣವಿದೆ. ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಲೆಕ್ಕ ಸಿಗುತ್ತದೆ. ಫಲಿತಾಂಶ ಮೈಕಿನಲ್ಲಿ ಬರುತ್ತದೆ. ಮರುದಿನ ಪತ್ರಿಕೆಯಲ್ಲೂ ಬರುತ್ತದೆ. ಅಲ್ಲಿ ಎರಡು ಹೆಸರು. ಯಜಮಾನರ ಹೆಸರು, ಓಡಿಸಿದವರ ಅಥವಾ ಹಲಗೆ ಮುಟ್ಟಿದವರ ಹೆಸರು. ಕಂಬಳ ನಡೆಸುವ ಸಮಿತಿಯವರಲ್ಲಿ ನನ್ನದೊಂದು ಬಿನ್ನಹವಿದೆ. ಬಿಟ್ಟವರು ಯಾರು, ಸಾಕಿದವರು ಯಾರು ಎಂದೂ ಬರೆಯಿರಿ. ಇನ್ನೆರಡು ಸಾಲು ಹೆಚ್ಚಾದೀತು, ಅಷ್ಟೇ. ಆ ಸಾಲು ಓದಿ ಯಾವುದೋ ಹಟ್ಟಿಯ ಜಗಲಿಯಲ್ಲಿ ಒಬ್ಬರು ಪತ್ರಿಕೆಯನ್ನು ಮಡಚಿ ಜೋಪಾನವಾಗಿ ಎತ್ತಿಡುತ್ತಾರೆ.

ಮಾವನ ಮಾತು ಕೇಳಿ ನಾನು ಗಂತಿನಲ್ಲಿ ನಿಂತ ಆ ರಾತ್ರಿ ಅವರ ಕೋಣಗಳು ಗೆಲ್ಲಲಿಲ್ಲ. ಸೆಮಿಫೈನಲಿನಲ್ಲಿ ಕೂದಲೆಳೆಯಲ್ಲಿ ಸೋತವು. ಯಜಮಾನರು ಮಾತಿಲ್ಲದೆ ನಿಂತಿದ್ದರು. ಮಾವ ಆಗಲೇ ಮಂಜೊಟ್ಟಿಯತ್ತ ನಡೆಯುತ್ತಿದ್ದರು, ಬಕೆಟ್ ಹಿಡಿದು. ಕೋಣಗಳ ಮೈಗೆ ನೀರು ಹೊಯ್ದರು. ಗೊರಸು ಒಂದೊಂದಾಗಿ ಎತ್ತಿ ನೋಡಿದರು. ಲಾರಿ ಹತ್ತಿಸಿದರು. ನಾನು ಅವರ ಪಕ್ಕ ಹುಲ್ಲಿನ ಮೇಲೆ ಕೂತು ಬಂದೆ.

ಮನೆ ಮುಟ್ಟಿದಾಗ ಕೋಳಿ ಕೂಗುವ ಹೊತ್ತು. ಬಿಸಿನೀರು ಕಾಯಿಸಿ ಮೈ ತೊಳೆದದ್ದಾಯಿತು. ಎಣ್ಣೆ ಆಯಿತು. ಹುಲ್ಲು ಹಾಕಿದರು. ಕೋಣಗಳು ಸ್ವಲ್ಪ ತಿಂದವು. ಒಂದು ಮಲಗಿತು, ಇನ್ನೊಂದು ತಡಮಾಡಿ ಮಲಗಿತು. ಮಾವ ದೀಪ ಆರಿಸಿ ಜಗಲಿಗೆ ಬಂದು ಕೂತರು. ನನಗೆ ಕಣ್ಣು ಎಳೆಯುತ್ತಿತ್ತು.

"ಮಲಗುವುದಿಲ್ಲವಾ ಮಾವ?" ಎಂದೆ.

"ಷ್," ಎಂದರು. ಕೈ ಎತ್ತಿ ಸುಮ್ಮನಿರಲು ಹೇಳಿದರು.

ಕತ್ತಲಲ್ಲಿ ಇಬ್ಬರೂ ಕಿವಿಗೊಟ್ಟು ಕೂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಟ್ಟಿಯ ಒಳಗಿಂದ, ಒದ್ದೆ ಮರಳಿನ ಮೇಲೆ ಯಾರೋ ಮೆತ್ತಗೆ ಕಾಲೆಳೆದ ಹಾಗೆ, ಆ ಸದ್ದು ಶುರುವಾಯಿತು. ಒಂದು. ಸ್ವಲ್ಪ ಹೊತ್ತಿಗೆ ಎರಡನೆಯದೂ.

ಮಾವ ಚಾಪೆ ಬಿಡಿಸಿದರು.